ನಾಲ್ಕನೇ ಕಾಲುವೆ

ಕಾಡಿನ ನಡುವಿನ ಜೌಗು ನೆಲದಲ್ಲಿ ನೀರಿನ ಮಟ್ಟ ಅಳೆಯುವುದು ಹನ್ನೊಂದು ವರ್ಷಗಳಿಂದ ಅಕ್ಕನ ಕೆಲಸ. ವಾರಕ್ಕೆರಡು ಸಲ ಮೊಣಕಾಲುದ್ದದ ಬೂಟು ಹಾಕಿಕೊಂಡು ಹೋಗಿ, ನೆಲಕ್ಕೆ ಊರಿದ ಇಪ್ಪತ್ತು ಕೊಳವೆಗಳೊಳಗೆ ಕೋಲು ಇಳಿಸಿ, ಅಳತೆ ಬರೆದುಕೊಳ್ಳುವಳು. ಹಿಂದೆ ನೆಲ ಒಣಗಿಸಿ ಮರ ಬೆಳೆಸಲೆಂದು ಯಾರೋ ತೋಡಿದ ಕಾಲುವೆಗಳಲ್ಲಿ ನೀರೆಲ್ಲ ಸೋರಿಹೋಗುತ್ತಿತ್ತು. ಬೇಸಿಗೆಯೂ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿತ್ತು. ಎಲೆ, ಪಾಚಿ ಕೊಳೆತು ಆದ ಅಲ್ಲಿನ ಕಪ್ಪು ಮಣ್ಣು ಒಣಗಿದಾಗ ಕಿಡಿ ಬಿದ್ದರೆ ನೆಲದೊಳಗೇ ತಿಂಗಳುಗಟ್ಟಲೆ ಉರಿಯುತ್ತದೆ. ಕಾಲುವೆ ಮುಚ್ಚಿಸಿ ಎಂದು ಅಕ್ಕ ಅರಣ್ಯ ಕಚೇರಿಯಲ್ಲಿ ಹೇಳಿ ಹೇಳಿ ಸೋತಿದ್ದಳು.

ಅದನ್ನೇ ತಂಗಿ ಓದು ಮುಗಿಸಿ ಅಲ್ಲಿಗೇ ಕೆಲಸಕ್ಕೆ ಬಂದು, ಗೋಡೆಯ ಮೇಲೆ ಬಣ್ಣದ ನಕ್ಷೆ ತೋರಿಸಿ ಹೇಳಿದಾಗ ಸಾಹೇಬರು ತಲೆದೂಗಿದರು. ಯೋಜನೆಯ ಹೊಣೆ ಅವಳಿಗೇ ಬಂತು.

"ನಿಮ್ಮ ತಂಗಿ ಬಲು ಚುರುಕು ಕಣ್ರೀ," ಎಂದರು ಸಾಹೇಬರು.

"ಚಿಕ್ಕಂದಿನಿಂದ್ಲೂ ಹಾಗೇ ಸಾರ್. ನಾನು ಸುಲಿದಿಟ್ಟ ಕಿತ್ತಳೆ ಅವಳೇ ತಿನ್ನೋಳು."

ಸಾಹೇಬರು ನಕ್ಕರು. ಅಕ್ಕ ನಗಲಿಲ್ಲ.

ನಕ್ಷೆಯಲ್ಲಿ ಇದ್ದದ್ದು ಮೂರು ಕಾಲುವೆ. ನಾಲ್ಕನೆಯದು ಹುಲ್ಲು ಕವಿದು ಮರೆಯಾಗಿತ್ತು. ಒಮ್ಮೆ ಅದರಲ್ಲಿ ಸೊಂಟದವರೆಗೆ ಹೂತುಹೋಗಿದ್ದ ಅಕ್ಕನಿಗೆ ಮಾತ್ರ ಅದು ಗೊತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ತಂಗಿ, "ಆ ಹಳೇ ನೋಟ್‌ಬುಕ್ಕು ಬೇಡ ಅಕ್ಕಾ, ಅಳೆಯೋಕೆ ಯಂತ್ರ ತರಿಸಿದೀನಿ," ಎಂದಳು. ಅಕ್ಕ ಬಾಯಿ ಮುಚ್ಚಿಕೊಂಡಳು.

ಹಲಗೆ ಬಡಿದು, ಮಣ್ಣು ತುಂಬಿ ಮೂರೂ ಕಾಲುವೆ ಕಟ್ಟಿದರು. ಎರಡು ತಿಂಗಳಾದರೂ ನೀರು ನಿಲ್ಲಲಿಲ್ಲ. ಸಾಹೇಬರು ಎಲ್ಲರೆದುರೇ ತಂಗಿಯನ್ನು ತರಾಟೆಗೆ ತೆಗೆದುಕೊಂಡರು. ಅಕ್ಕನ ಹೊಟ್ಟೆ ತಣ್ಣಗಾಯಿತು. ಆ ಸಂಜೆ ಎರಡು ತುತ್ತು ಹೆಚ್ಚೇ ಉಂಡಳು.

ಮರುವಾರ ಹದಿನಾಲ್ಕನೇ ಕೊಳವೆಯ ಬಳಿ ಬೂಟಿನಡಿಯ ನೆಲ ಬೆಚ್ಚಗಿತ್ತು. ಬಿರುಕಿನಿಂದ ಎಳೆಯಾಗಿ ಹೊಗೆ ಏಳುತ್ತಿತ್ತು. ಯಾರೋ ಎಸೆದ ಸಿಗರೇಟಿನ ತುಣುಕೋ ಏನೋ. ಅಕ್ಕ ಕೂಡಲೇ ಫೋನ್ ಮಾಡಿ ಎಲ್ಲರನ್ನೂ ಕರೆಸಿದಳು. ನೆಲ ಅಗೆದು, ನೀರು ಹಾಯಿಸಿ ಬೆಂಕಿ ಆರಿಸಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಆಟದ ಮೈದಾನದಷ್ಟು ಜಾಗ ಸುಟ್ಟು ಕರಕಲಾಗಿತ್ತು.

ಮಸಿ ಮೆತ್ತಿದ ಮುಖದ ತಂಗಿಯನ್ನು ಕೈಹಿಡಿದು ಕರೆದೊಯ್ದು ಅಕ್ಕ ಹುಲ್ಲು ಸರಿಸಿದಳು. ಕೆಳಗೆ ತೆಳ್ಳಗೆ ನೀರು ಹರಿಯುತ್ತಿತ್ತು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಕಣೇ. ಇನ್ನೇನಿಲ್ಲ."

ತಂಗಿ ಹಲಗೆ ತರಲು ಹೊರಟಳು. ಆಮೇಲೆ ತಿಂಗಳುಗಟ್ಟಲೆ ಅಕ್ಕನ ಜೊತೆ ಮಾತು ಬಿಟ್ಟಳು. ಮಳೆ ಬಂದ ಮೇಲೆ ನೀರು ಗೇಣುದ್ದ ಏರಿ ನಿಂತಿತು.

ನಾಲ್ಕನೇ ಕಾಲುವೆ ಪತ್ತೆ ಮಾಡಿದ್ದು ಅಕ್ಕನೇ ಎಂದು ತಂಗಿ ವರದಿಯಲ್ಲಿ ಬರೆದಳು. ಬಚ್ಚಿಟ್ಟಿದ್ದನ್ನು ಮಾತ್ರ ಬರೆಯಲಿಲ್ಲ. ಓದಿದ ಸಾಹೇಬರು ಅಕ್ಕನ ಕೈಕುಲುಕಿದರು. ಅಷ್ಟು ದೊಡ್ಡ ಮನಸ್ಸೂ ತಂಗಿಯ ಪಾಲಿಗೇ ಬಂತಲ್ಲ ಎಂದು ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು.