ಕ್ಯಾಂಪಿನ ಇಡ್ಲಿ, ಚಳಿಹಿಡಿದ ಇಂಜಿನ್

ಜನವರಿಯ ಚಳಿಗೆ ಟ್ರಕ್ಕು ಸ್ಟಾರ್ಟ್ ಆಗದೆ, ಬಹರೇನಿನ ಮನಾಮಾದ ಕಾರ್ಮಿಕರ ಕ್ಯಾಂಪಿಗೆ ಬೇಬಿಯ ಇಡ್ಲಿ ನಿನ್ನೆ ತಡವಾಗಿತ್ತು. ಇವತ್ತೂ ತಡವಾದರೆ ಆರ್ಡರ್ ಬೇರೆಯವರಿಗೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಅವಳ ಗಂಡ ಮುಂಡಪ್ಪ, ಹಿಟ್ಟು ಹುಳಿಬರಲೆಂದು ಪಾತ್ರೆಗೆ ಹೊದಿಸುವ ಹಾಗೆ, ಇಂಜಿನ್ನಿಗೂ ಕಂಬಳಿ ಹೊದಿಸಿದ್ದ.

“ಹಿಟ್ಟು ತಾನಾಗಿ ಬಿಸಿಯಾಗ್ತದೆ ಮಾರಾಯ್ರೆ, ಇಂಜಿನ್ ಆಗ್ತದಾ?” ಎಂದ ಬೇಬಿ, ಯೂರೋಪಿನಿಂದ ಬಂದ ಆ ಹಳೇ ಟ್ರಕ್ಕಿನ ಮೂತಿಯಲ್ಲಿ ನೇತಾಡುತ್ತಿದ್ದ, ಇಂಜಿನ್ ಕಾಯಿಸುವ ಹೀಟರಿನ ವಯರು ತೋರಿಸಿದಳು.

“ಅದು ಹಿಮ ಬೀಳುವ ಊರಿನವರಿಗೆ. ಇಲ್ಲಿ ಹಾಕಿದ್ರೆ ಜನ ನಗ್ತಾರೆ.”

“ತಿಂಡಿ ತಿಂದು ನಗ್ಲಿ.”

ಫ್ರಿಜ್ಜಿನ ಪ್ಲಗ್ಗು ಕಿತ್ತು, ಅಡುಗೆಮನೆಯ ಕಿಟಕಿಯಿಂದ ವಯರೆಳೆದು ಹೀಟರಿಗೆ ಕರೆಂಟು ಕೊಟ್ಟಳು. ಅಷ್ಟೂ ಇಡ್ಲಿ ಬೇಯುವ ಹೊತ್ತಿಗೆ ಇಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ಮುಂಡಪ್ಪ ಇಡ್ಲಿಯನ್ನು ಹಿಂದೆ ಹೇರಿ, ವಯರು ಕಿತ್ತು, ಕೀಲಿ ತಿರುಗಿಸಿದ. ಟ್ರಕ್ಕು ಒಂದೇ ಸಲಕ್ಕೆ ಗುಡುಗಿತು. ಬೇಬಿ ಚಟ್ನಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡಳು.

“ಹೋಗುವ.”