ಹೆಂಗಸರ ವಾರ್ಡಿನ ಸೈದಾ ಬೀ

ಆಸ್ಪತ್ರೆಯ ಚೀಟಿಯಲ್ಲಿ ಬರೆದ ಹೆಸರನ್ನು ಸೈದಾ ಬೀ ಎಂದೂ ನಂಬಿದವಳಲ್ಲ. ಕಾನಹೊಸಹಳ್ಳಿಯ ಹೆದ್ದಾರಿ ಬದಿಯ ಆ ಚಿಕ್ಕ ಧರ್ಮಾಸ್ಪತ್ರೆಗೆ ಯಾರೇ ಬಂದು ಮಲಗಲಿ, ಹಾಸಿಗೆ ಸರಿಪಡಿಸುತ್ತ ಈ ಆಯಾ ಕೇಳುತ್ತಿದ್ದುದು ಒಂದೇ ಮಾತು: "ಮನ್ಯಾಗ ನಿನ್ನ ಏನಂತ ಕರೀತಾರ?" ಎಡಗಾಲನ್ನು ತುಸು ಎಳೆದು ನಡೆಯುವಳು, ಸುಡುಬೇಸಿಗೆಯಲ್ಲೂ ಸೀರೆಯ ಮೇಲೆ, ತೀರಿಹೋದ ಗಂಡ ಮೆಕ್ಯಾನಿಕ್ ಖಾಸಿಂ ಸಾಬನ ಖಾಕಿ ಅಂಗಿ. ಅದರ ಎಣ್ಣೆಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ. ಹೋಗಲೆಂಬ ಆಸೆ ಆಕೆಗೂ ಇದ್ದಂತಿರಲಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ ಗುಡೇಕೋಟೆ ಕಡೆಯಿಂದ ಕಾಲು ಮುರಿದುಕೊಂಡು ಜೋಗತಿಯೊಬ್ಬಳು ಬಂದಳು. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಇಪ್ಪತ್ತು ವರ್ಷ ಸೀರೆಯುಟ್ಟು ಬದುಕಿದ ಜೀವ. ಚೀಟಿಯಲ್ಲಿ ಹುಲುಗಪ್ಪ ಎಂದಿದ್ದುದರಿಂದ ಗಂಡಸರ ವಾರ್ಡಿಗೆ ಹಾಕಿದರು. ಎರಡು ದಿನವಾದರೂ ಆಕೆ ನೀರು ಮುಟ್ಟದಿದ್ದಾಗ ಸೈದಾ ಬೀ ಬಗ್ಗಿ ಹೆಸರನ್ನೂ ಕಾರಣವನ್ನೂ ಕೇಳಿದಳು.

"ನನ್ನ ಹುಲಿಗೆವ್ವ ಅಂತಾರ ಯವ್ವಾ. ನೀರು ಕುಡದ್ರ ಬೆಡ್‌ಪ್ಯಾನ್ ಬೇಕಾಗತೈತಿ. ಅದನ್ನ ಕೇಳಿದ್ರ ಇಡೀ ವಾರ್ಡು ಎದ್ದು ಕುಂತು ನೋಡತೈತಿ."

ಹುಲಿಗೆವ್ವನನ್ನು ಹೆಂಗಸರ ವಾರ್ಡಿಗೆ ಹಾಕಿರೆಂದು ಸೈದಾ ಬೀ ನೆಟ್ಟಗೆ ಡಾಕ್ಟರ್ ಗುರುಬಸವರಾಜರ ಮುಂದೆ ಹೋಗಿ ನಿಂತಳು. ಅವರು ಕೆಟ್ಟವರಲ್ಲ, ಅಂಜಿದವರು. "ನಾಳೆ ಯಾರರ ಬಂದು ನಾನೂ ಹೆಂಗಸು ಅಂದ್ರ ಏನ್ ಮಾಡೋಣ, ಸೈದಾ ಬೀ?"

"ನಾಳಿ ಬಂದವರನ್ನ ನಾಳಿ ಕೇಳೋಣ್ರಿ. ಇವತ್ತು ಬಂದಾಕಿ ನೀರು ಕುಡದಿಲ್ಲ."

ಡಾಕ್ಟರು ಒಪ್ಪಿದರು. ಆದರೆ ಹೆಂಗಸರ ವಾರ್ಡಿನಲ್ಲಿ ಬೇರೆಯೇ ಕಷ್ಟ ಕಾದಿತ್ತು. ಗಂಡನ ಒದೆತಕ್ಕೆ ಪಕ್ಕೆಲುಬು ಮುರಿದುಕೊಂಡು ಬಂದಿದ್ದ ಗೀತಾಂಜಲಿ ಹುಲಿಗೆವ್ವನ ಮಾತು ಕೇಳಿ ಗೋಡೆಗೆ ಸರಿದು ಕುಳಿತಳು. "ಆ ಗಂಡುದನಿ ಕೇಳಿದ್ರ ನನ್ನ ಎದಿ ನಡಗತೈತಿ."

ಸೈದಾ ಬೀ ಗದರಲಿಲ್ಲ, ಬುದ್ಧಿ ಹೇಳಲಿಲ್ಲ. "ನಿನ್ನ ಅಂಜಿಕಿನೂ ಖರೇನ ಐತವ್ವ," ಎಂದಳು. ಬಾಗಿಲ ಬಳಿಯ ಮೂಲೆಗೆ ಹುಲಿಗೆವ್ವನ ಮಂಚ ಹಾಕಿಸಿ, ಎರಡು ದುಪ್ಪಟಿ ಹೊಲಿದು ಪರದೆ ಕಟ್ಟಿ, ಇಬ್ಬರ ನಡುವೆ ತನ್ನ ಚಾಪೆ ಹಾಸಿದಳು. ಊಟ, ನಮಾಜು, ನಿದ್ದೆ ಎಲ್ಲವೂ ಅಲ್ಲಿಯೇ. ಹುಲಿಗೆವ್ವನೂ ಅಂದಿನಿಂದ ಪಿಸುದನಿಯಲ್ಲೇ ಮಾತಾಡಿದಳು.

ಒಂಬತ್ತನೆಯ ದಿನ ಗೀತಾಂಜಲಿಗೆ ಕೆಮ್ಮು ಹತ್ತಿತು. ಕೆಮ್ಮಿದಾಗಲೆಲ್ಲ ಜೀವ ಹೋದಂತೆ ನರಳುತ್ತಿದ್ದಳು. ಪರದೆಯಾಚೆಯಿಂದ ಮೆಲ್ಲನೆ ಮಾತು ಬಂತು: "ದಿಂಬು ಪಕ್ಕಿಗೆ ಒತ್ತಿ ಹಿಡಕೊಂಡು ಕೆಮ್ಮವ್ವ, ನೋವು ತಡೀತೈತಿ. ನಂದೂ ಮುರದಿದ್ರು. ಸೀರಿ ಉಟ್ಟ ದಿನ, ನಮ್ಮ ಅಣ್ಣಗೋಳು."

ಗೀತಾಂಜಲಿ ದಿಂಬು ಒತ್ತಿ ಹಿಡಿದಳು. ಮರುದಿನ ಬೆಳಿಗ್ಗೆ, ಎಷ್ಟೋ ದಿನದಿಂದ ಮನೆ ಕಾಣದಿದ್ದ ಸೈದಾ ಬೀಗೆ ಹೇಳಿದಳು: "ನೀವು ಮನಿಗೆ ಹೋಗಿ ಮೈ ತೊಳಕೊಂಡು ಬರ್ರಿ. ನಾವಿಬ್ರೂ ಇರತೀವಿ." ಪರದೆ ಮಾತ್ರ ಕೊನೆಯವರೆಗೂ ಇತ್ತು. ಅದನ್ನು ತೆಗೆಯೆಂದು ಯಾರೂ ಹೇಳಲಿಲ್ಲ, ಹೇಳಲಿ ಎಂದು ಸೈದಾ ಬೀ ಬಯಸಲೂ ಇಲ್ಲ.

ನೊಂದವರಿಬ್ಬರಲ್ಲಿ ಯಾರ ನೋವು ಹಿರಿದೆಂದು ತೀರ್ಪು ಕೊಡಬಲ್ಲವರು ಯಾವ ಕಾಲದಲ್ಲೂ ಸಿಗುತ್ತಾರೆ. ಸೈದಾ ಬೀಯಂಥವರಿಗೆ ಆ ವಿದ್ಯೆ ಬಾರದು. ಯಾರು ಯಾವ ವಾರ್ಡಿಗೆಂಬ ನಿಯಮ ಬರೆಯುವವರು ಎಂದಾದರೂ ಬಂದಾರು. ಅಲ್ಲಿಯ ತನಕ ಇಬ್ಬರ ಮಾನವನ್ನೂ ಕಾಯುತ್ತ ಕುಳಿತಿರುವವರು ಇವರು.