ಎಡಗಡೆ ಅಲಮಾರಿ, ಎರಡನೇ ಖಾನೆ

ಗುಂಡಗುರ್ತಿಯ ಹೆಣ್ಣುಮಕ್ಕಳ ಶಾಲೆಗೆ ಒಂದು ಕೋಣೆ ಬೇಕಿತ್ತು. ಮಂಜೂರಾಗಿ ಬಂದದ್ದು ಕೊಂಡವಾಡ. ತುಡುಗು ದನ ಕೂಡಿಹಾಕುವ ಕೊಂಡವಾಡ, ಸ್ವಾಮಿ! ನಾಲ್ಕೂ ಕಡೆ ಕಲ್ಲಿನ ಗೋಡೆ, ಮೇಲೆ ಚಾವಣಿ ಇಲ್ಲ, ನೀರಿಗೊಂದು ತೊಟ್ಟಿ, ನಲವತ್ತು ದನಕ್ಕೆ ಸಾಲುವಷ್ಟು ಜಾಗ. ಗುಲಬರ್ಗಾದ ಆದೇಶ ಓದಿದ ಶಿವಕಾಂತಮ್ಮ ಟೀಚರಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಉರಿಯದೇ ಏನು? ಮೂರು ವರ್ಷದಿಂದ ಶಾಲೆ ನಡೆಯುತ್ತಿದ್ದುದು ಮಾಳಮ್ಮನ ಮನೆಯ ಪಡಸಾಲೆಯಲ್ಲಿ. ಮಾಳಮ್ಮನ ಮನೆಗೆ ಸೊಸೆ ಬರುವವಳಿದ್ದಳು. "ಯುಗಾದಿಯೊಳಗ ಮಂಜೂರಿ ಕಾಗದ ತೋರಸ್ರಿ, ಕೋಣಿ ಏಳೂ ತನಕ ತಡಕೋತೀನಿ. ಇಲ್ಲಂದ್ರ ಜಾಗ ಖಾಲಿ ಮಾಡ್ರಿ" ಎಂದು ಆಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಜಾಗ ಹೋದರೆ ಮೂವತ್ತೊಂದು ಹುಡುಗಿಯರು ಸ್ಲೇಟು ಮೂಲೆಗಿಟ್ಟು ಹೊಲದ ದಾರಿ ಹಿಡಿಯುವವರೇ. ಯುಗಾದಿಗೆ ಉಳಿದದ್ದು ಹನ್ನೆರಡು ದಿನ.

ಶಿವಕಾಂತಮ್ಮ ನೆಟ್ಟಗೆ ಚಿತ್ತಾಪುರದ ಕಚೇರಿಗೆ ಹೋಗಿ, ಈ ಫೈಲು ಕಟ್ಟಿದ ಗುಮಾಸ್ತ ಮಡಿವಾಳಯ್ಯನ ಮೇಜಿನ ಮೇಲೆ ಆದೇಶವನ್ನೂ ಅದರೊಂದಿಗೆ ಮರಳಿ ಬಂದ ಫೈಲನ್ನೂ ಕುಕ್ಕಿದಳು.

ಮಡಿವಾಳಯ್ಯನದು ಒಂದು ಪದ್ಧತಿ. ನಕ್ಷೆ ಒಬ್ಬರು ಬರೆಯುತ್ತಾರೆ, ಜಾಗದ ಪತ್ರ ಇನ್ನೊಬ್ಬರು, ಖರ್ಚಿನ ಅಂದಾಜು ಮತ್ತೊಬ್ಬರು. ಎಲ್ಲವನ್ನೂ ಒಂದೇ ದಾರದಲ್ಲಿ ಹೊಲಿಯುವುದು ಆ ಪುಣ್ಯಾತ್ಮನಿಗೆ ಬೇಜಾರು. ತನ್ನ ಕುರ್ಚಿಯಲ್ಲಿ ಕೂತು ಕೈ ಚಾಚಿದರೆ ಏನು ಎಲ್ಲಿ ಸಿಗುತ್ತದೋ ಅಷ್ಟನ್ನೇ ಫೈಲಿನಲ್ಲಿ ಬರೆಯುತ್ತಿದ್ದ. ‘ನಕ್ಷೆಗೆ ಎಡಗಡೆ ಅಲಮಾರಿ, ಎರಡನೇ ಖಾನೆ, ಕೆಂಪು ಕಟ್ಟು ನೋಡುವುದು.’ ಹತ್ತು ವರ್ಷ ಆ ಕೋಣೆಯಲ್ಲಿ ಯಾರಿಗೂ ಏನೂ ತಪ್ಪಿರಲಿಲ್ಲ. ಆದರೆ ಈ ಸಲ ಫೈಲು ಮಾತ್ರ ಗುಲಬರ್ಗಾಕ್ಕೆ ಹೋಗಿತ್ತು, ಅಲಮಾರಿ ಇಲ್ಲೇ ಉಳಿದಿತ್ತು. ಅಲ್ಲಿನವರು ಬಹಳ ವಿಧೇಯರು, ಬರೆದಂತೆ ತಮ್ಮ ಎಡಗಡೆಯ ಅಲಮಾರಿ ತೆರೆದರು, ಎರಡನೇ ಖಾನೆಯ ಕೆಂಪು ಕಟ್ಟು ಎಳೆದರು. ಅದರಲ್ಲಿ ಕೊಂಡವಾಡದ ನಕ್ಷೆ ಇತ್ತು.

"ತಿದ್ದಿ ಕೊಡ್ರಿ ಅಯ್ನೋರ" ಎಂದಳು ಶಿವಕಾಂತಮ್ಮ.

"ಹ್ಯಾಂಗ ತಿದ್ದಲಿರಿ ಅಕ್ಕೋರ? ಫೈಲಿಗೆ ನಮ್ಮ ಸಾಹೇಬರ ಸಹಿ ಬಿದ್ದದ. ಅವರಿಗೆ ಚಿಂಚೋಳಿಗೆ ವರ್ಗ ಆಗ್ಯದ. ಸಹಿ ಬಿದ್ದ ಮ್ಯಾಲ ಒಂದು ಅಕ್ಷರ ಮುಟ್ಟಂಗಿಲ್ಲ. ಮತ್ತ ನಾ ಬರದದ್ದರಾಗ ತಪ್ಪೇನದ? ನೋಡ್ರಿ, ಎಡಗಡೆ ಅಲಮಾರಿ, ಎರಡನೇ ಖಾನೆ, ಕೆಂಪು ಕಟ್ಟು. ಅದನೋ ಇಲ್ಲೋ?"

ಇತ್ತು. ಹಾಳಾದ್ದು, ಹೇಳಿದಲ್ಲೇ ಇತ್ತು! ಶಿವಕಾಂತಮ್ಮ ಆ ಎದೆಯೆತ್ತರದ ಕಟ್ಟಿಗೆ ಅಲಮಾರಿಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ತುಟಿಯ ಅಂಚಿನಲ್ಲಿ ಕಿಡಿಗೇಡಿ ನಗೆಯೊಂದು ಮೂಡಿತು.

"ಖರೆ ಅದರಿ. ನಿಮ್ಮ ಬರವಣಿಗಿ ತಪ್ಪಿಲ್ಲ. ಅಲಮಾರಿ ತಪ್ಪು ಜಾಗಾದಾಗ ಅದ. ಇದನ್ನ ಗುಲಬರ್ಗಾಕ್ಕ ಒಯ್ಯೂಣು."

"ಏನಂದ್ರಿ? ಅಕ್ಕೋರ, ಇದು ಸರ್ಕಾರದ ಅಲಮಾರಿ!"

"ಗುಲಬರ್ಗಾ ಏನು ನಮ್ಮಪ್ಪಂದಾ? ಅದೂ ಸರ್ಕಾರದ್ದೇ. ಇಲ್ಲಾ, ತಪ್ಪು ನಂದು ಅಂತ ಬರದು ಕೊಡ್ರಿ."

ತಪ್ಪು ಒಪ್ಪಿ ಬರೆಯುವುದಕ್ಕಿಂತ ಅಲಮಾರಿ ಹೊರುವುದೇ ಮಡಿವಾಳಯ್ಯನಿಗೆ ಹಗುರವೆನಿಸಿತು. ಶಹಾಬಾದದ ಫರಸಿಕಲ್ಲು ಇಳಿಸಿ ಖಾಲಿ ಹೊರಟಿದ್ದ ಲಾಲಪ್ಪನ ಲಾರಿ ಸಿಕ್ಕಿತು. ಅಲಮಾರಿ ಹತ್ತಿತು, ಅದನ್ನು ಅಪ್ಪಿಕೊಂಡು ಮಡಿವಾಳಯ್ಯನೂ ಹತ್ತಿದ. ಗುಂಡಗುರ್ತಿಯಲ್ಲಿ ಶಿವಕಾಂತಮ್ಮ ಲಾರಿ ನಿಲ್ಲಿಸಿದಳು. ಮೂವತ್ತೊಂದು ಹುಡುಗಿಯರು ಕಿಲಕಿಲ ಎನ್ನುತ್ತ ಹತ್ತಿದರು, ಕಾವಲಿಗೆ ಮಾಳಮ್ಮ ಬಂದಳು.

"ಇವರ್ಯಾಕ?" ಎಂದು ಮಡಿವಾಳಯ್ಯ ಕಣ್ಣು ಬಿಟ್ಟ.

"ನಿಮ್ಮ ಫೈಲು ನೀವೇ ಓದಿಲ್ಲೇನ್ರಿ?" ಎಂದಳು ಶಿವಕಾಂತಮ್ಮ.

ಕೊಂಡವಾಡ ಮಂಜೂರು ಮಾಡಿದ ಗುಲಬರ್ಗಾದ ಸೂರ್ಯಕಾಂತ ಸಾಹೇಬರು ಊಟ ಮುಗಿಸಿ ಬಂದು ನೋಡಿದರೆ, ಅವರ ಅಲಮಾರಿ ಬಾಗಿಲ ಹತ್ತಿರ ಮುನಿಸಿಕೊಂಡು ನಿಂತಿದೆ, ಕುರ್ಚಿಯ ಎಡಕ್ಕೆ ಯಾವುದೋ ಹಳೇ ಅಲಮಾರಿ ವಕ್ಕರಿಸಿದೆ. ರೇಗಬೇಕೆಂದು ಬಾಯಿ ತೆರೆದರು.

"ಬೈರಿ ಸಾಹೇಬ್ರ, ಆದ್ರ ಮೊದಲು ಫೈಲು ಓದ್ರಿ" ಎಂದಳು ಶಿವಕಾಂತಮ್ಮ. ಫೈಲನ್ನು ಅವರ ಕೈಗೇ ಕೊಟ್ಟಳು. ಇವತ್ತು ತಪ್ಪಿದರೆ ಶಾಲೆ ಮುಗಿದಂತೆಯೇ ಎಂಬುದು ಅವಳಿಗೆ ಗೊತ್ತಿತ್ತು.

ಸಾಹೇಬರು ಓದಿದರು. ಎಡಕ್ಕೆ ಕೈ ಚಾಚಿದರೆ ನಕ್ಷೆ ಸಿಕ್ಕಿತು. ಕೆಳಗಿನ ಖಾನೆಯಲ್ಲಿ ಜಾಗದ ಪತ್ರ, ಅದರ ಬಲಕ್ಕೆ ಖರ್ಚಿನ ಅಂದಾಜು. ಒಂದೊಂದೂ ಕರೆದ ಹಾಗೆ ಕೈಗೆ ಬಂತು. ಮಡಿವಾಳಯ್ಯನ ಎದೆ ಉಬ್ಬಿತು.

ಕೊನೆಯ ಸಾಲು: ‘ವಿದ್ಯಾರ್ಥಿನಿಯರ ವಿವರಕ್ಕೆ ಹೊರಗಿನ ವರಾಂಡ ನೋಡುವುದು.’ ಚಿತ್ತಾಪುರದಲ್ಲಾದರೆ ವರಾಂಡದ ಗೋಡೆಗೆ ಹೆಸರಿನ ಪಟ್ಟಿ ಅಂಟಿಸಿತ್ತು. ಮಡಿವಾಳಯ್ಯ ಅದನ್ನು ಕಿತ್ತು ತರುವುದನ್ನೇ ಮರೆತಿದ್ದ, ಈಗ ಮುಖ ಬಿಳಿಚಿಕೊಂಡಿತು. ಸಾಹೇಬರು ಎದ್ದು ವರಾಂಡಕ್ಕೆ ಹೋದರು.

ಅಲ್ಲಿ ಹುಡುಗಿಯರು ಮೂರು ಸಾಲಾಗಿ, ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಕೂತಿದ್ದರು. ಒಬ್ಬೊಬ್ಬರ ಸ್ಲೇಟಿನ ಮೇಲೂ ಅವರವರ ಹೆಸರು, ಅವರವರ ಕೈಯಿಂದಲೇ ಬರೆದದ್ದು.

"ಇದೇನವಾ? ಇಲ್ಲಿಗ್ಯಾಕ ಬಂದೀರಿ ಎಲ್ಲಾರೂ?"

ಮುಂದಿನ ಸಾಲಿನ ಯಂಕಮ್ಮ ಎದ್ದು ನಿಂತಳು. "ನಾವು ಇಲ್ಲಿ ಅದೀವಿ ಅಂತ ಸರ್ಕಾರದ ಕಾಗದದಾಗ ಬರದಾರಂತರಿ. ಅದಕ್ಕ ಬಂದು ಕುಂತೀವಿ."

ಸಾಹೇಬರು ಒಂದು ತುದಿಯಿಂದ ಸ್ಲೇಟುಗಳನ್ನು ಓದುತ್ತ ಹೋದರು, ಮೂವತ್ತೊಂದನ್ನೂ, ಜೋರಾಗಿ. ಹೆಸರು ಕರೆದಾಗಲೆಲ್ಲ ಒಬ್ಬೊಬ್ಬಳು "ಹಾಜರ್ ರೀ" ಎಂದಳು. ಪೆನ್ನು ತರಿಸಿಕೊಂಡು ಅಲ್ಲೇ ನಿಂತು ಕೋಣೆಗೆ ಹೊಸ ಮಂಜೂರಿ ಬರೆದು ಸಹಿ ಹಾಕಿದರು. ಶಿವಕಾಂತಮ್ಮ ಕಾಗದಕ್ಕೆ ಕೈ ನೀಡುವ ಮೊದಲೇ ಮಾಳಮ್ಮ ಅದನ್ನು ಇಸಿದುಕೊಂಡಳು. ಓದು ಬಾರದ ಆಕೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ಚಾವಣಿ ಅದನೋ ಇಲ್ಲೋ, ಮೊದಲು ಓದಿ ಹೇಳ್ರಿ" ಎಂದು ಸಾಹೇಬರಿಗೇ ವಾಪಸು ಕೊಟ್ಟಳು.